ಖಾಲಿ ವ್ಯಾನಿನ ಕಂಡಕ್ಟರ

ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೆ ಕಂಡಕ್ಟರನಿಗೆ ಮನೆ ಇಕ್ಕಟ್ಟಾಯಿತು. ಜೀವಮಾನವಿಡೀ ಊರಿನ ಜನರನ್ನೆಲ್ಲ ಹಿಂದೆ ಮುಂದೆ ಸರಿಸಿ ರೂಢಿಯಾದ ಮನುಷ್ಯ. ಈಗ ಸರಿಸೋಕೆ ಸಿಕ್ಕವಳು ಹೆಂಡತಿ ಒಬ್ಬಳೇ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ದಾರಿಗೆ ಅಡ್ಡ ನಿಲ್ಲಬೇಡ, ಸ್ವಲ್ಪ ಆ ಕಡೆ ಹೋಗು," ಅನ್ನುತ್ತಿದ್ದ. ಹೇಳುವುದೂ ಮೆಲ್ಲಗಲ್ಲ, ಎದುರುಮನೆಯವರೂ ಆ ಕಡೆ ಹೋಗುವ ಹಾಗೆ.

"ಇದು ನಿಮ್ಮ ಬಸ್ಸಲ್ಲ ಕಣ್ರೀ," ಅಂದಳು ಹೆಂಡತಿ ಒಂದು ದಿನ. "ಇಲ್ಲಿ ನಾನೇ ಡ್ರೈವರು. ತಲೆ ತಿನ್ನಬೇಡಿ, ಇಳೀರಿ." ಸೊಸೆ ಮರೆತು ಹೋಗಿದ್ದ ಊಟದ ಡಬ್ಬಿಯನ್ನು ಕೈಗೆ ತುರುಕಿ ಆಚೆಗೆ ಕಳಿಸಿಯೇಬಿಟ್ಟಳು.

ಸೊಸೆ ನರ್ಸು. ನಗರಸಭೆ ಆ ವರ್ಷ ಪ್ರಯೋಗಕ್ಕೆಂದು ಒಂದು ಬಿಳಿ ವ್ಯಾನು ಬಿಟ್ಟಿತ್ತು. ಕಾಯಿಲೆ ಬರುವ ಮೊದಲೇ ರಕ್ತದೊತ್ತಡ, ಸಕ್ಕರೆ, ತೂಕ ಎಲ್ಲ ಪುಕ್ಕಟೆ ನೋಡಿ ಬುದ್ಧಿ ಹೇಳುವ ವ್ಯಾನು. ಅದು ಮಾರುಕಟ್ಟೆಯ ಬಾಯಲ್ಲಿ, ಚಪ್ಪಲಿ ಹೊಲಿಯುವವನ ಪಕ್ಕ ನಿಂತಿರುತ್ತಿತ್ತು. ಕಂಡಕ್ಟರ ಹೋಗಿ ಇಣುಕಿದರೆ, ಒಳಗೆ ಎರಡು ಕುರ್ಚಿ, ಒಂದು ಬೆಂಚು, ಗೋಡೆಯ ಮೇಲೆ ಹೃದಯದ ಚಿತ್ರ, ಅದರ ಕೆಳಗೆ ನೊಣ ಹೊಡೆಯುತ್ತಾ ಕೂತ ಸೊಸೆ.

"ಇದೇನಮ್ಮ, ಒಂದು ನರಪಿಳ್ಳೆಯೂ ಇಲ್ವಲ್ಲ?"

"ನಾವು ಚೆನ್ನಾಗೇ ಇದ್ದೀವಲ್ಲ, ನಮಗ್ಯಾಕೆ ಪರೀಕ್ಷೆ ಅಂತಾರೆ ಮಾವ. ಚೆನ್ನಾಗಿಲ್ಲದವರು ಆಸ್ಪತ್ರೆಗೇ ಹೋಗ್ತಾರೆ. ಹೀಗೇ ಆದ್ರೆ ವರ್ಷದ ಕೊನೇಲಿ ದುಡ್ಡು ನಿಲ್ಲಿಸ್ತಾರೆ."

ಅವಳ ಮಾತೇನೂ ಕಂಡಕ್ಟರನ ಕಿವಿಗೆ ಬೀಳಲಿಲ್ಲ. ಅವನ ಕಣ್ಣು ಖಾಲಿ ಬೆಂಚಿನ ಮೇಲಿತ್ತು. ಎದುರಿಗೆ ಅಷ್ಟು ಜನ ಓಡಾಡುತ್ತಿರುವಾಗ ಒಂದು ಗಾಡಿ ಖಾಲಿ ನಿಲ್ಲುವುದೆಂದರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಡಬ್ಬಿಯನ್ನು ಸೊಸೆಯ ಕೈಗಿತ್ತವನೇ ಮೆಟ್ಟಿಲಿನ ಮೇಲೆ ನಿಂತು, ಒಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು, ಗಂಟಲು ಬಿಟ್ಟ: "ಬನ್ನಿ ಬನ್ನಿ ಬನ್ನಿ! ಒಳಗೆ ಜಾಗ ಇದೆ! ಚೀಲ ಮಡಿಲಲ್ಲಿಟ್ಕೊಳ್ಳಿ, ಮುಂದೆ ನಡೀರಿ!"

ಮಾರುಕಟ್ಟೆಯ ಅರ್ಧ ಜನ ಆ ದನಿ ಕೇಳಿಯೇ ಬೆಳೆದವರು. ಎಲ್ಲಿಗೆ, ಏನು ಅಂತ ಕೇಳುವ ಮೊದಲೇ ನಾಲ್ಕಾರು ಜನ ಹತ್ತಿ ಕೂತರು. ಬೆಂಚಿನ ಮೇಲಿದ್ದ ತರಕಾರಿಯವಳು, "ಗಾಡಿ ಯಾವಾಗ ಹೊರಡುತ್ತಪ್ಪ?" ಅಂದಳು.

"ನೀವು ತೋಳು ಚಾಚಿದ ತಕ್ಷಣ," ಅಂದ ಕಂಡಕ್ಟರ. ಸೊಸೆ ನಗು ತಡೆಯಲಾರದೆ ಅವಳ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದಳು.

ಅಂದಿನಿಂದ ಅವನಿಗೆ ದಿನವೂ ಡ್ಯೂಟಿ. ಒಳಗೆ ನೂಕುನುಗ್ಗಲು, ಹೊರಗೆ ಸಾಲು. ಬಾರದವಳು ಒಬ್ಬಳೇ, ಅವನ ಹೆಂಡತಿ. "ಗುಂಡುಕಲ್ಲಿನ ಹಾಗಿದ್ದೀನಿ, ನನಗೇನು ಧಾಡಿ?" ಅನ್ನುತ್ತಿದ್ದಳು. ಒಂದು ಶನಿವಾರ ತರಕಾರಿ ಕೊಳ್ಳಲು ಬಂದವಳು ವ್ಯಾನಿನ ಸಾಲಿನ ಪಕ್ಕ ಚಿಲ್ಲರೆ ಎಣಿಸುತ್ತಾ ನಿಂತಿದ್ದಳು. ಕೂಗುವ ಭರದಲ್ಲಿ ಕಂಡಕ್ಟರ ಮುಖ ನೋಡದೆ ಅವಳ ಚೀಲಕ್ಕೆ ಕೈ ಹಾಕಿ, "ಹತ್ತಮ್ಮ ಹತ್ತು, ಹಿಂದಿನವರಿಗೆ ದಾರಿ ಬಿಡು," ಅಂತ ಒಳಗೆ ಸಾಗಹಾಕಿಬಿಟ್ಟ. ಅಷ್ಟು ಜನರ ಮುಂದೆ ಜಗಳ ಬೇಡವೆಂದು ಅವಳೂ ಹಲ್ಲು ಕಚ್ಚಿ ಬೆರಳು ಚಾಚಿದಳು.

ಸೊಸೆ ಒಮ್ಮೆ ನೋಡಿದಳು. ಇನ್ನೊಮ್ಮೆ ಚುಚ್ಚಿ ನೋಡಿದಳು. ಆಮೇಲೆ ಬಾಗಿಲಿಗೆ ಬಂದು ಮೆಲ್ಲಗೆ, "ಮಾವ, ಅತ್ತೆಗೆ ಸಕ್ಕರೆ ಜಾಸ್ತಿ ಇದೆ," ಅಂದಳು.

ಆ ಮಧ್ಯಾಹ್ನ ಮಾರುಕಟ್ಟೆಗೆ ಕಂಡಕ್ಟರನ ದನಿ ಕೇಳಲಿಲ್ಲ. ಇಷ್ಟು ದಿನ ಅವನಿಗಿದು ಜನ ತುಂಬುವ ಆಟವಾಗಿತ್ತು. ಊರವರನ್ನೆಲ್ಲ ಕೂಗಿ ಹತ್ತಿಸಿದವನು ಮನೆಯವಳನ್ನು ಮಾತ್ರ ಗೊತ್ತಿಲ್ಲದೆ ಹತ್ತಿಸಿದೆನಲ್ಲ ಎಂದು ಕೊರಗಿದ. ಚಪ್ಪಲಿ ಹೊಲಿಯುವವನ ಪಕ್ಕ ಕೂತುಬಿಟ್ಟ.

ಆಸ್ಪತ್ರೆಯ ಡಾಕ್ಟರು ಮತ್ತೆ ಪರೀಕ್ಷಿಸಿ, "ಗಡಿಯ ಮೇಲಿದ್ದೀರಿ ತಾಯಿ, ದಾಟಿಲ್ಲ. ಸದ್ಯಕ್ಕೆ ಮಾತ್ರೆ ಬೇಡ. ಸಿಹಿ ಬಿಡಿ, ದಿನಾ ಚೆನ್ನಾಗಿ ನಡೀರಿ," ಅಂದರು. ಹೆಂಡತಿ ಒಂದು ವಾರ ಗಂಡನ ಮೇಲೆ ಮುಖ ಊದಿಸಿಕೊಂಡಿದ್ದಳು, ಸಕ್ಕರೆಯನ್ನು ಅವನೇ ತಂದುಹಾಕಿದ ಹಾಗೆ. ಆಮೇಲೆ ಸೆರಗು ಸಿಕ್ಕಿಸಿ ನಡೆಯತೊಡಗಿದಳು. ಮೊದಲು ಒಬ್ಬಳೇ, ಆಮೇಲೆ ಪಕ್ಕದ ಮನೆಯವಳು, ಅವಳ ನಾದಿನಿ, ತರಕಾರಿಯವಳು. ಬೀದಿಯ ಸುದ್ದಿಯೆಲ್ಲ ಕಾಲಿನ ಮೇಲೇ ಮುಗಿಯುತ್ತಿತ್ತು. ಮುಂದಿನ ಪರೀಕ್ಷೆಗಳಲ್ಲಿ ಸಕ್ಕರೆ ಇಳಿಯುತ್ತಾ ಬಂತು.

ವರ್ಷ ಮುಗಿಯಿತು. ನಗರಸಭೆಯ ಬಜೆಟ್ ಸಭೆಗೆ ಸೊಸೆಯನ್ನು ಕರೆದಿದ್ದರು. ಕಂಡಕ್ಟರನೂ ಹೆಂಡತಿಯೂ ಹಿಂದಿನ ಸಾಲಿನಲ್ಲಿ ಕೂತರು. ಅಧ್ಯಕ್ಷರು ಕೆಟ್ಟವರೇನಲ್ಲ, ಕೈ ಬಿಗಿ. "ನೋಡಮ್ಮ, ಆಸ್ಪತ್ರೆಗೆ ದುಡ್ಡು ಕೊಟ್ರೆ ಇಷ್ಟು ಜನ ಗುಣವಾದ್ರು ಅಂತ ತೋರಿಸ್ತಾರೆ. ನಿಮ್ಮ ವ್ಯಾನಲ್ಲಿ ಗುಣವಾದವರು ಯಾರು?"

"ಯಾರೂ ಇಲ್ಲ ಸಾರ್," ಅಂದಳು ಸೊಸೆ. "ಕಾಯಿಲೆ ಬೀಳದ ಹಾಗೆ ನೋಡ್ಕೊಳ್ಳೋದು ನಮ್ಮ ಕೆಲಸ."

"ಬೀಳದವರನ್ನ ನಾನು ಎಲ್ಲಿಂದ ತಂದು ತೋರಿಸ್ಲಿ?"

ಕಂಡಕ್ಟರ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವನ ತೊಡೆ ಒತ್ತಿ ಕೂರಿಸಿ ತಾನೇ ಎದ್ದಳು. "ಎಲ್ಲಿಂದಲೂ ತರಬೇಡಿ, ಇಲ್ಲೇ ನಿಂತಿದ್ದೀನಿ. ಆ ವ್ಯಾನು ಇಲ್ದಿದ್ರೆ ನಾಳೆ ನಿಮ್ಮ ಆಸ್ಪತ್ರೆಯ ಮಂಚ ನಂದೇ ಆಗ್ತಿತ್ತು. ಅದರ ಖರ್ಚು, ನನ್ನ ಗಂಡನ ಕೂಗಾಟ, ಎರಡೂ ನೀವೇ ಸಹಿಸ್ಬೇಕಿತ್ತು. ಯೋಚನೆ ಮಾಡಿ."

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರೂ ನಕ್ಕರು, ಆದರೆ ಯೋಚಿಸಿದರು. ಸಭೆಗೆ ಬಂದಿದ್ದ ಆಸ್ಪತ್ರೆಯ ಡಾಕ್ಟರೂ ಎದ್ದು, ಬೇಗ ಬಂದ ರೋಗಿಗೂ ತಡವಾಗಿ ಬಂದ ರೋಗಿಗೂ ಆಗುವ ಖರ್ಚಿನ ಅಂತರ ಬಿಡಿಸಿ ಹೇಳಿದರು. ಒಂದು ಗಂಟೆ ಕೊಕ್ಕೆ ಹಾಕಿ, ಎಳೆದಾಡಿ, ಕೊನೆಗೆ ವ್ಯಾನು ಉಳಿಯಿತು. ಸೇತುವೆಯಾಚೆಯ ಬಡಾವಣೆಗೆ ಇನ್ನೊಂದು ಮಂಜೂರಾಯಿತು. ಕಣ್ಣು, ಹಲ್ಲು, ಕಿವಿಯ ಪರೀಕ್ಷೆಯೂ ಸೇರಿತು.

ಕಿವಿಯ ಯಂತ್ರ ಬಂದ ದಿನ ಸೊಸೆ ಮೊದಲು ಕೂರಿಸಿದ್ದು ಮಾವನನ್ನೇ. ಬಸ್ಸಿನ ಇಂಜಿನ್ನು ಅವನ ಎಡಗಿವಿಯನ್ನು ಮುಕ್ಕಾಲು ತಿಂದುಹಾಕಿತ್ತು. ಸಣ್ಣ ಸಾಧನವೊಂದನ್ನು ಕಿವಿಗಿಟ್ಟ ಮೇಲೆ ಅವನು ಮೆಟ್ಟಿಲಿನ ಮೇಲೆ ನಿಂತು "ಬನ್ನಿ ಬನ್ನಿ" ಅಂದು, ತನ್ನ ದನಿಗೆ ತಾನೇ ಬೆಚ್ಚಿಬಿದ್ದ.

"ಅಯ್ಯಯ್ಯೋ! ಇಷ್ಟು ವರ್ಷ ನೀವೆಲ್ಲ ಇದನ್ನ ಹೇಗೆ ತಡ್ಕೊಂಡ್ರಿ?"

"ಬೇರೆ ಬಸ್ಸಿರಲಿಲ್ಲ," ಅಂದ ಚಪ್ಪಲಿ ಹೊಲಿಯುವವನು.

ಈಗ ಅವನು ಎರಡು ವ್ಯಾನಿಗೂ ಸೇರಿ ಒಬ್ಬನೇ ಕಂಡಕ್ಟರ, ಸಂಬಳವೂ ಉಂಟು. ಸಂಜೆ ಹೆಂಡತಿಯ ಗುಂಪಿನ ಹಿಂದೆ ತಾನೂ ನಡೆಯುತ್ತಾನೆ. ಅವರ ಮಾತೆಲ್ಲ ಈಗ ಸ್ಪಷ್ಟವಾಗಿ ಕೇಳಿಸುತ್ತದೆ. ಹೆಚ್ಚಿನದು ಅವನ ಬಗ್ಗೆಯೇ.