ಸೋದರಮಾವನ ತೊಡೆ

ನಮ್ಮ ಮಗಳಿಗೆ ಇಬ್ಬರು ತಾಯಂದಿರು. ಹೆತ್ತ ಇವಳು ಅವ್ವ, ಇವಳ ಸಂಗಾತಿ ನಾನು ಅಮ್ಮ. ಹಾಗೆ ನೋಡಿದರೆ ಸೋದರಮಾವಂದಿರೂ ಇಬ್ಬರು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕಲ್ಲ, ಮತ್ತಿಕೆರೆಯಲ್ಲಿರುವ ನನ್ನ ತಮ್ಮ ಅದಕ್ಕೆ ತುದಿಗಾಲಲ್ಲಿ ನಿಂತಿದ್ದ. ಇವಳೇ ಒಪ್ಪಲಿಲ್ಲ. ಹೆತ್ತವಳು ತಾನು, ತನ್ನ ಅಣ್ಣನೇ ಆಗಬೇಕು ಎಂದು ಇವಳ ಹಟ. ಆ ಅಣ್ಣನೋ, ಬಸವನಗುಡಿಯ ನಮ್ಮ ಬಾಡಿಗೆ ಮನೆಯ ಮೆಟ್ಟಿಲು ತುಳಿದವನಲ್ಲ. ಮಗುವಿಗೆ ಐದು ತುಂಬಿದರೂ ಕಿವಿ ಬೋಳಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ದಾನಿಯ ವೀರ್ಯ ಪಡೆದು ಹುಟ್ಟಿದ ಮಗು ಇದು. ಒಂಟಿ ಹೆಂಗಸು ಎಂದರೆ ಆ ಚಿಕಿತ್ಸೆ ಸಿಗುತ್ತದೆ, ನಾವಿಬ್ಬರು ಜೋಡಿ ಎಂದರೆ ಸಿಗುವುದಿಲ್ಲ. ಹಾಗಾಗಿ ಅಲ್ಲಿ ನಾನು ಇವಳ ಅಕ್ಕನಾದೆ. ಹೊರಗಿನ ಬೆಂಚಿನ ಮೇಲೆ ಕೂತು ಕೂತು ಸೊಂಟ ಬಿದ್ದುಹೋಯಿತು. ಅಲ್ಲಿಂದಾಚೆ ಗೆಳತಿ, ರೂಮ್‌ಮೇಟ್, ಇನ್ನೂ ಏನೇನೋ ಆಗಿದ್ದೇನೆ. ಬೇಜಾರಿಲ್ಲ ಎಂದರೆ ಸುಳ್ಳು. ಮನೆಯೊಳಗೆ ಅಮ್ಮ ಎಂದು ಕೂಗುವವಳು ಒಬ್ಬಳಿದ್ದಾಳಲ್ಲ ಎಂದುಕೊಂಡು ನುಂಗುತ್ತಿದ್ದೆ.

ಈ ವರ್ಷ ಇವಳ ತಾಯಿ ಹಾಸಿಗೆ ಹಿಡಿದರು. ಮೊಮ್ಮಗಳ ಕಿವಿಯಲ್ಲಿ ಓಲೆ ನೋಡಬೇಕು ಎಂದು ಹಂಬಲಿಸಿದರು. ಅಣ್ಣ ಫೋನ್ ಮಾಡಿ ಚಾಮರಾಜಪೇಟೆಯ ತನ್ನ ಮನೆಯಲ್ಲೇ ಮಾಡೋಣ ಎಂದ. ಕೊನೆಗೆ ಷರತ್ತು ಹೇಳಿದ.

"ನೆಂಟರ ಮುಂದೆ ಮಗು ಆ ಯಮ್ಮನ್ನ ಅಮ್ಮ ಅನ್ಬಾರ್ದು. ಆಂಟಿ ಅನ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ತೊಡೆಗೆ ಇಷ್ಟು ಬಿಂಕವಾ, ನನ್ನ ತಮ್ಮನಿಗೇನು ತೊಡೆ ಇಲ್ಲವಾ ಎಂದು ಕೂಗಾಡಿದೆ. ಇವಳು ಕೂಗಾಡಲಿಲ್ಲ, ಅತ್ತಳು. ತವರಿನ ಬಾಗಿಲು ತೆರೆದಿದೆ, ತಾಯಿ ಹೋಗುವುದರೊಳಗೆ ಒಂದು ಸಲ ಪಕ್ಕದಲ್ಲಿ ಕೂರಬೇಕು ಎಂದಳು. ಅದಕ್ಕೆ ನಾನೇನು ಹೇಳಲಿ? ಆಯಿತು ಎಂದೆ.

ಮಗುವಿಗೆ ಹೇಳಿಕೊಡುವ ಕೆಲಸ ಇವಳೇ ಮಾಡಿದಳು. ಯಾಕೆ ಆಂಟಿ ಅನ್ನಬೇಕು ಎಂದು ಮಗಳು ಪಟ್ಟು ಹಿಡಿದಾಗ, ಅಮ್ಮ ಅಂದರೆ ಮಾವನಿಗೆ ಸಿಟ್ಟು ಬರುತ್ತೆ, ಅಮ್ಮನ್ನ ಆಚೆ ಕಳಿಸಿಬಿಡ್ತಾನೆ ಎಂದಳಂತೆ. ಮಗಳು ಮತ್ತೆ ಕೇಳಲಿಲ್ಲ. ಮಾರನೆಯ ದಿನದಿಂದ ತಪ್ಪಿಲ್ಲದೆ ಆಂಟಿ ಎನ್ನತೊಡಗಿದಳು.

ಆ ದಿನ ಹಜಾರದ ತುಂಬ ನೆಂಟರು. ನಾನು ಕೋಸಂಬರಿಯ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೀವು ಯಾರ ಕಡೆಯವರು ಎಂದು ಒಬ್ಬಾಕೆ ಕೇಳಿದರು. ಮಗುವಿನ ಪಕ್ಕದ ಮನೆಯವಳು ಎಂದೆ. ಮಾವ ರೇಷ್ಮೆ ಪಂಚೆ ಉಟ್ಟು ಕೂತಿದ್ದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಬೆಲ್ಲ ಇಟ್ಟ. ಅಕ್ಕಸಾಲಿಗರು ಚಿನ್ನದ ತಂತಿಯನ್ನು ಕಿವಿಗೆ ಚುಚ್ಚಿದರು.

ನಾನು ಕಣ್ಣು ಮುಚ್ಚಿಕೊಂಡೆ. ಸದ್ದೇ ಇಲ್ಲ. ತೆರೆದು ನೋಡಿದರೆ ಮಗಳು ತುಟಿ ಬಿಗಿದು ನನ್ನನ್ನೇ ನೋಡುತ್ತಿದ್ದಳು. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಎರಡನೆಯ ಕಿವಿಗೂ ಹಾಗೆಯೇ.

ಎಂಥ ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಮಾವ ಬೀಗಿದ. ಇವಳು ಹಜಾರದ ಮಂಚದಲ್ಲಿ ಮಲಗಿದ್ದ ತಾಯಿಯ ಕೈ ಹಿಡಿದು ನಗುತ್ತಿದ್ದಳು, ಅಷ್ಟು ನಕ್ಕಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ನನಗೊಬ್ಬಳಿಗೇ ಅದು ಗಟ್ಟಿತನ ಎನ್ನಿಸಲಿಲ್ಲ. ಇಂಜೆಕ್ಷನ್ ಎಂದರೆ ಬೀದಿಗೆಲ್ಲ ಕೇಳುವಂತೆ ಅರಚುವ ಹುಡುಗಿ ನಮ್ಮ ಮಗಳು.

ಇವಳು ತಾಯಿಯ ಜೊತೆ ಉಳಿದಳು. ಮಗಳನ್ನು ಕರೆದುಕೊಂಡು ನಾನು ಆಟೊ ಹತ್ತಿದೆ. ಎರಡೂ ಕಿವಿ ಕೆಂಪಗೆ ಊದಿದ್ದವು. ನೋವಾಗಲಿಲ್ಲವಾ ಎಂದು ಕೇಳಿದೆ. ತುಂಬ ಆಯಿತು ಎಂದಳು. ಮತ್ತೆ ಅಳಬೇಕಿತ್ತಲ್ಲ ಚಿನ್ನ ಎಂದೆ.

ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. "ಅತ್ರೆ ನಿನ್ನ ಕರೀಬೇಕಾಗುತ್ತಲ್ಲ. ಕರೆದ್ರೆ ನಿನ್ನ ಕಳಿಸ್ಬಿಡ್ತಾರೆ."

ತಬ್ಬಿಕೊಂಡು, ಈಗ ಅಳು, ಇಲ್ಲಿ ಯಾರೂ ಇಲ್ಲ ಎಂದೆ. ಅವಳು ಆಟೊದವರ ಬೆನ್ನಿನ ಕಡೆ ಕೈ ತೋರಿಸಿ, ಬೇಡ ಎಂದು ತಲೆಯಾಡಿಸಿದಳು.