ಜೇನುಗುಬ್ಬಿ ಮುಟ್ಟಿದ ಹೂವು

ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಹಿತ್ತಿಲ ಬಾಟಲ್‌ಬ್ರಷ್ ಮರದಿಂದ ಆ ಹಕ್ಕಿಯ ದನಿ ಕೇಳಿತು, ದೇವರ ಮುಂದಿನ ಪುಟ್ಟ ಗಂಟೆಯನ್ನು ಬೆರಳತುದಿಯಲ್ಲಿ ಅಲುಗಿಸಿದಂತೆ. ಹೆಬ್ಬೆರಳಷ್ಟು ಮೈ, ಕುಂಕುಮದಲ್ಲಿ ಅದ್ದಿದಂಥ ತಲೆ, ಬಾಗಿದ ಕೊಕ್ಕು. ಇದರ ಬಳಗದ ಹೆಚ್ಚಿನವು ಉತ್ತರದ ದ್ವೀಪಗಳ ಬಿಸಿಲ ಕಾಡುಗಳಲ್ಲಿವೆಯಂತೆ. ಹೂವಿನ ಬೆನ್ನುಹತ್ತಿ ಮೆಲ್ಬರ್ನ್‌ವರೆಗೆ ಬರುವುದು ಅಪರೂಪ. ಒದ್ದೆ ಟವೆಲ್ ಹಿಡಿದು ಹಾಗೇ ನಿಂತೆ. ಇಲ್ಲಿಂದ ದೂರ ಉತ್ತರಕ್ಕೆ, ಬ್ಲ್ಯಾಕ್‌ಟೌನ್‌ನಲ್ಲಿ ನಾವಿದ್ದ ಆ ಬಾಡಿಗೆ ಮನೆ ಕಣ್ಣಮುಂದೆ ಬಂತು. ನಿಮಗೂ ಅಂಥದೊಂದು ಮನೆ ಇದ್ದೀತು.

ಆಗ ನಾನು ಚಿಕ್ಕವಳು. ಅಮ್ಮನ ಬಾಣಂತನಕ್ಕೆಂದು ಅಜ್ಜಿ ಮೈಸೂರಿನಿಂದ ಬಂದಿದ್ದಳು. ಆದರೆ ತಮ್ಮ ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ. ಅಮ್ಮನೂ ಅಲ್ಲೇ ಇದ್ದಳು. ಮಗು ಮನೆಗೆ ಬರುವವರೆಗೂ ದಿನಾ ಹೊಸ ಹೂವು ಏರಿಸುತ್ತೇನೆಂದು ಪುರುಡು ಕಳೆದೊಡನೆ ಅಜ್ಜಿ ಕೃಷ್ಣನಿಗೆ ಹರಕೆ ಹೊತ್ತಳು. ಹಿತ್ತಿಲಲ್ಲಿದ್ದದ್ದು ಒಂದು ಗಿಡ್ಡ ಬಾಟಲ್‌ಬ್ರಷ್ ಮರ ಮಾತ್ರ.

"ಅತ್ತೆ, ಬಾಟ್ಲಿ ತೊಳ್ಯೋ ಬ್ರಷ್ಷು ದೇವ್ರಿಗೆ ಆಗತ್ತಾ?" ಎಂದು ಅಪ್ಪ ನಗಿಸಲು ನೋಡಿದರು.

"ಬೆಣ್ಣೆ ಕದ್ದೋನಿಗೆ ಯಾವ್ದಾದ್ರೂ ಆಗತ್ತೆ ಅಳಿಯಂದ್ರೇ. ಎಂಜಲಾಗಿರ್ಬಾರ್ದು, ಅಷ್ಟೆ."

ತೊಡಕಾದದ್ದು ಅಲ್ಲೇ. ಅವಳು ಸ್ನಾನ ಮಾಡಿ ಮಡಿಯುಟ್ಟು ಬರುವಷ್ಟರಲ್ಲಿ ಈ ಕೆಂಪು ಹಕ್ಕಿ ಒಂದೊಂದು ಹೂವಿಗೂ ಕೊಕ್ಕಿಟ್ಟಿರುತ್ತಿತ್ತು. ಜೇನುಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ, "ಮುಂಡೇದೇ, ದೇವ್ರಿಗಿಂತ ಮೊದ್ಲು ನಿಂಗೆ ತಿಂಡಿನಾ?" ಎಂದು ಗದರಿದವಳೂ ಅವಳೇ. ಕೊನೆಗೆ ಹೂಬಿಟ್ಟ ಕೊಂಬೆಗಳಿಗೆಲ್ಲ ತನ್ನ ಹಳೇ ಸೀರೆ ಸುತ್ತಿ ಗಂಟು ಹಾಕಿದಳು. ಹಕ್ಕಿ ಬಟ್ಟೆಯ ಸುತ್ತ ರೆಕ್ಕೆ ಬಡಿಯುತ್ತಲೇ ಇತ್ತು.

ಒಂದು ಸಂಜೆ ಆಸ್ಪತ್ರೆಯಿಂದ ಬಂದ ಅಜ್ಜಿ ಸೀದಾ ಹಿತ್ತಿಲಿಗೆ ನಡೆದಳು. ಮಗುವಿಗೆ ಅಮ್ಮನ ಹಾಲನ್ನು ಸಣ್ಣ ನಳಿಕೆಯಲ್ಲಿ ತೊಟ್ಟುತೊಟ್ಟಾಗಿ ಬಿಡುವುದನ್ನು ನೋಡಿ ಬಂದಿದ್ದಳು. ಸೀರೆಯ ಗಂಟು ಬಿಚ್ಚುತ್ತ, "ಕುಡ್ಕೋ ಕಂದ," ಎಂದಳು.

"ಮತ್ತೆ ಕೃಷ್ಣಂಗೆ?" ಎಂದೆ ನಾನು.

"ಅವ್ನು ಕಾಯ್ತಾನೆ ಬಿಡು. ಹಸಿದೋರ್ದು ಮೊದ್ಲು."

ತಮ್ಮ ಉಳಿಯಲಿಲ್ಲ. ಅಮ್ಮ ಬರಿಗೈಯಲ್ಲಿ ಮನೆಗೆ ಬಂದಳು. ಹರಕೆಗೆ ಇನ್ನೇನು ಉಳಿಯಿತು, ಅಜ್ಜಿ ಹೂವು ಕೊಯ್ಯಲಾರಳು ಎಂದುಕೊಂಡಿದ್ದೆ. ಸೂತಕ ಕಳೆದ ಬೆಳಿಗ್ಗೆ ನೋಡಿದರೆ ಬುಟ್ಟಿ ಹಿಡಿದು ಮರದಡಿ ನಿಂತಿದ್ದಾಳೆ, ಹಕ್ಕಿ ಕುಡಿದು ಮುಗಿಸಲೆಂದು. ಅದು ಹಾರಿದ ಮೇಲೆ ಅದೇ ಹೂವನ್ನು ಕೊಯ್ದು ದೇವರಿಗಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ, "ನಿನ್ನ ಹಾಲು ನಾಕು ತೊಟ್ಟಾದ್ರೂ ಕೂಸಿಗೆ ದಕ್ತಲ್ಲ ಮಗ್ಳೇ, ಅಷ್ಟು ಕೊಟ್ಟ ಕೃಷ್ಣ," ಎಂದಳು. ಬಂದಾಗಿನಿಂದ ಕಲ್ಲಿನಂತಿದ್ದ ಅಮ್ಮ ಆಗ ಅತ್ತಳು.

ಅಜ್ಜಿ ಈಗಿಲ್ಲ, ಅಮ್ಮನೂ ಇಲ್ಲ. ಆ ಮನೆ ಕೆಡವಿ ಎರಡು ಮನೆ ಎಬ್ಬಿಸಿದ್ದಾರೆ. ಮರದ ಗುರುತೂ ಉಳಿದಿಲ್ಲ. ಈ ಬೆಳಿಗ್ಗೆ ನನ್ನ ಪೂಜೆ ಇನ್ನೂ ಆಗಿರಲಿಲ್ಲ. ಟವೆಲ್ಲನ್ನು ತಂತಿಗೆ ಹಾಕಿ, ಒಳಗಿನಿಂದ ಹೂಬುಟ್ಟಿ ತಂದೆ. ಹಕ್ಕಿ ಇನ್ನೂ ಕುಡಿಯುತ್ತಿತ್ತು. ಕಾಯುತ್ತ ನಿಂತೆ.