ದೆಹಲಿ ರೈಲಿನ ಚೀಟಿ

ಕೊಡಗಿನಲ್ಲಿ ಆಗಲೂ ರೈಲು ಇರಲಿಲ್ಲ, ಈಗಲೂ ಇಲ್ಲ. ಆದರೆ ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದ ನನ್ನ ಅಪ್ಪನಿಗೆ ಇಡೀ ದೇಶದ ರೈಲುಗಳ ವೇಳೆ ಬಾಯಿಪಾಠ. ಅವರು ಮೈಸೂರಿನಿಂದಾಚೆ ಹೋದವರೇ ಅಲ್ಲ. ಪಾಲಿಬೆಟ್ಟದ ಕಾಫಿ ತೋಟದ ಬಿಳಿಯ ದೊರೆಯೊಬ್ಬ ಬಿಸಾಡಿದ್ದ ವೇಳಾಪಟ್ಟಿಯ ಪುಸ್ತಕವನ್ನು ಆ ಎಸ್ಟೇಟಿನ ರೈಟರು, ಎಂದರೆ ಗುಮಾಸ್ತರು, ತಂದುಕೊಟ್ಟಿದ್ದರು. ಅದೇ ಅಪ್ಪನ ಪುರಾಣ. ಎರಡನೇ ಮಹಾಯುದ್ಧ ಶುರುವಾಗಿ ಊರೂರಿನ ಹುಡುಗರು ಮಿಲಿಟರಿ ಸೇರಿದ ಮೇಲೆ, ಅವರನ್ನು ನೋಡಹೊರಟ ಮನೆಯವರು ದಾರಿ ಕೇಳಲು ನಮ್ಮ ಜಗಲಿಗೇ ಬರುತ್ತಿದ್ದರು. ಅಪ್ಪನಿಗೆ ಅದು ಬಹಳ ಹೆಮ್ಮೆ. ನನಗೂ ಇತ್ತು, ಸುಳ್ಳೇಕೆ ಹೇಳಲಿ.

ನಾಪೋಕ್ಲಿನ ವಿಧವೆಯೊಬ್ಬರು ತಮ್ಮ ಅಣ್ಣನನ್ನು ಕರೆದುಕೊಂಡು ಬಂದದ್ದೂ ಹಾಗೆಯೇ. ಆಕೆಯ ಒಬ್ಬನೇ ಮಗ ದೆಹಲಿಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ, ಬೇಗ ಬನ್ನಿ ಎಂದು ತಂತಿ ಬಂದಿತ್ತು. ಅಪ್ಪ ಚೀಟಿ ಬರೆದುಕೊಟ್ಟರು: ಮೈಸೂರಿನವರೆಗೆ ಬಸ್ಸು, ಅಲ್ಲಿಂದ ಬೆಂಗಳೂರು, ರಾತ್ರಿಯ ಗಾಡಿಯಲ್ಲಿ ಮದ್ರಾಸು, ಮರುದಿನ ಸಂಜೆ ದೆಹಲಿಯ ಎಕ್ಸ್‌ಪ್ರೆಸ್ಸು. ಪುಸ್ತಕ ಹಳೆಯದಲ್ಲವೇ ಎಂದು ನಾನು ಕೇಳಿದೆ. ಮನಸ್ಸಿಗೆ ಬಂದಾಗ ಹೊರಡಲು ಅದೇನು ನಾಪೋಕ್ಲು ಬಸ್ಸೇ ಎಂದು ಅಪ್ಪ ನಕ್ಕುಬಿಟ್ಟರು.

ಆ ಅಣ್ಣ-ತಂಗಿ ಹೊರಟುಹೋದ ಮುಂದಿನ ವಾರ, ರಜೆಯಲ್ಲಿ ಬಂದ ಸಿಪಾಯಿಯೊಬ್ಬ ಅದೇ ಜಗಲಿಯಲ್ಲಿ ಕೂತು, ದೆಹಲಿಯ ಗಾಡಿ ಈಗ ಮದ್ರಾಸಿನಿಂದ ಬೆಳಗ್ಗೆಯೇ ಹೊರಡುತ್ತದೆ ಎಂದ. ಬೆಂಗಳೂರಿನ ಗಾಡಿ ಇಳಿದ ಮೇಲೆ ಮುಕ್ಕಾಲು ಗಂಟೆಯಷ್ಟೇ ಸಿಗುತ್ತದಂತೆ. ಅಪ್ಪ ಅಂದು ಊಟಕ್ಕೆ ಏಳಲಿಲ್ಲ.

ತಿಂಗಳೊಳಗೆ ನಾಪೋಕ್ಲಿನ ಆಕೆ ಬಂದರು, ಒಬ್ಬರೇ. ಮದ್ರಾಸಿನಲ್ಲಿ ಗಾಡಿ ತಪ್ಪಿ ಮಾರನೆಯ ಬೆಳಗಿನವರೆಗೆ ಕಾದರಂತೆ. ಅವರು ದೆಹಲಿ ಮುಟ್ಟಿದ ದಿನ ಬೆಳಗ್ಗೆಯೇ ಮಗ ತೀರಿಕೊಂಡಿದ್ದ. ಹಿಂದಿನ ದಿನವೆಲ್ಲ ಅವ್ವ ಬಂದಳಾ ಎಂದು ಕೇಳುತ್ತಿದ್ದನಂತೆ. ಇಷ್ಟನ್ನೂ ಆಕೆ ಅಳದೇ ಹೇಳಿದರು. ಅಳು ಬಂದದ್ದು ಅಣ್ಣನ ಮಾತು ಬಂದಾಗ.

"ಚೀಟೀಲಿ ಸಂಜೆ ಅಂತ ಉಂಟು ಅಂದ, ಮೇಷ್ಟ್ರೇ. ಕಾಫಿಗೆ ಅಂತ ಸ್ಟೇಷನ್ನಿಂದ ಹೊರಗೆ ಕರ್ಕೊಂಡು ಹೋದ. ನನಗೆ ಓದ್ಲಿಕ್ಕೆ ಬರೋದಿಲ್ಲ, ಅದಕ್ಕೇ ಸುಳ್ಳು ಹೇಳಿದ. ನೀವು ಬರೆದದ್ದು ತಪ್ಪಾಗ್ತದಾ?"

ಅಪ್ಪ ಸುಮ್ಮನಿದ್ದರೆ ಸಾಕಿತ್ತು, ತಪ್ಪು ಆ ಅಣ್ಣನ ಮೇಲೆಯೇ ಉಳಿಯುತ್ತಿತ್ತು. ಬಾಗಿಲ ಹಿಂದೆ ನಿಂತ ನಾನೂ ಅದನ್ನೇ ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ. ಇನ್ನು ಊರಲ್ಲಿ ತಲೆ ಎತ್ತುವುದು ಹೇಗೆ ಎಂಬುದೇ ನನ್ನ ಚಿಂತೆ; ಸತ್ತವನ ನೆನಪೂ ನನಗಿರಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

"ಅವರು ಸರಿಯಾಗೇ ಓದಿದ್ದಾರೆ, ಅಕ್ಕ," ಎಂದರು ಅಪ್ಪ. "ಸಂಜೆ ಅಂತ ಬರೆದದ್ದು ನಾನು. ನನ್ನ ಪುಸ್ತಕ ಹಳೇದು."

ಆಕೆ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

"ಅಣ್ಣನ ಅಂಗಳದಲ್ಲಿ ನಿಂತು ಅವನಿಗೆ ಶಾಪ ಹಾಕಿದ್ದೇನೆ," ಎಂದರು. "ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅಪ್ಪ ಎದ್ದು ಕೋಟು ಹಾಕಿಕೊಂಡು, ತಾವೇ ಮುಂದೆ ಹೋಗುವುದಾಗಿ ಹೇಳಿ ಹೊರಟರು. ಇಬ್ಬರೂ ನಾಪೋಕ್ಲು ಬಸ್ಸು ಹತ್ತಿದರು. ಆ ಅಣ್ಣ ಅಂಗಳದಲ್ಲಿ ಭತ್ತ ಹರಡುತ್ತಿದ್ದರು. ಅಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಅವರು ಕೈ ಒರೆಸಿಕೊಂಡು ಒಳಗೆ ಹೋಗಿ, ಮಡಚಿ ಮಡಚಿ ಹರಿದುಹೋಗಿದ್ದ ಆ ಚೀಟಿಯನ್ನು ತಂದು ಅಪ್ಪನ ಕೈಗಿಟ್ಟರಂತೆ.

"ದಿನಾ ತೆಗೆದು ಓದ್ತಿದ್ದೆ, ಮೇಷ್ಟ್ರೇ," ಎಂದರಂತೆ. "ಸಂಜೆ ಅಂತಲೇ ಕಾಣ್ತಿತ್ತು. ಆದ್ರೂ ನಾನೇ ತಪ್ಪು ಓದಿ ಹುಡುಗನನ್ನು ಕೊಂದೆ ಅಂತ ನಂಬಿದ್ದೆ."